ಒಂದೇ ಕಲ್ಲು, ಎರಡು ಸಂಖ್ಯೆ

ಹೊಸ ತಿಪ್ಪಸಂದ್ರದ ನಮ್ಮ ಬೀದಿಯ ವಿದ್ಯಾರ್ಥಿನಿಯೊಬ್ಬಳು ಕೆಲವು ದಿನಗಳ ಹಿಂದೆ ತನ್ನ ಎಂ.ಎ. ಪ್ರಬಂಧದ ಕರಡು ಹಿಡಿದು ನಮ್ಮ ಮನೆಗೆ ಬಂದಳು. ವಿಷಯ, ವಿಜಯನಗರ ಕಾಲದ ಧಾರ್ಮಿಕ ಸಾಮರಸ್ಯ. ಒಂದು ಅಡಿಟಿಪ್ಪಣಿಯ ಕೆಳಗೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಈ ಗ್ರಂಥದಲ್ಲಿ ಇಂಥ ಶಾಸನವೇ ಇಲ್ಲ’ ಎಂದು ಬರೆದಿದ್ದರು. ಟಿಪ್ಪಣಿ ಹೀಗಿತ್ತು: ಎಪಿಗ್ರಾಫಿಯ ಕರ್ನಾಟಿಕ, ಸಂಪುಟ 2, ಸಂಪಾದಕರು ಬಿ. ಎಲ್. ರೈಸ್, 1889, ಶಾಸನ ಸಂಖ್ಯೆ 344. ‘ನಾನು ಸರಿಯಾಗಿಯೇ ಕೊಟ್ಟಿದ್ದೆ, ಕಂಪ್ಯೂಟರು ಕೆಡಿಸಿತು’ ಎಂಬುದು ಆಕೆಯ ದೂರು.

ತಪ್ಪು ಯಾರದು? ಉತ್ತರಕ್ಕಾಗಿ ನಾವು ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಮೈಸೂರು ಸಂಸ್ಥಾನದ ಊರೂರುಗಳ ಶಾಸನಗಳ ಪ್ರತಿ ತೆಗೆಸಿ, 1886ರಿಂದ 1905ರ ನಡುವೆ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಹೆಸರಿನ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಅವರು ಪ್ರಕಟಿಸಿದರು. ಇಷ್ಟೊಂದು ಶಾಸನಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ? ರೈಸ್ ಅದಕ್ಕೊಂದು ಸರಳ ಕ್ರಮ ಮಾಡಿದರು. ಸಂಪುಟ, ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಇವು ಮೂರಿದ್ದರೆ ಸಾಕು. ನಮ್ಮ ಬಡಾವಣೆಗೆ ಹತ್ತಿರದ ದೊಮ್ಮಲೂರಿನ ಚೊಕ್ಕನಾಥ ದೇವಾಲಯದ ಶಾಸನಗಳಿಗೂ ಇದೇ ರೀತಿ ವಿಳಾಸವಿದೆ. ಅವು 1905ರ 9ನೆಯ ಸಂಪುಟದಲ್ಲಿ, ಬೆಂಗಳೂರು ತಾಲ್ಲೂಕಿನ ಭಾಗದಲ್ಲಿ ಸಿಗುತ್ತವೆ.

ಶ್ರವಣಬೆಳಗೊಳವೊಂದಕ್ಕೇ 2ನೆಯ ಸಂಪುಟ ಮೀಸಲಾಗಿತ್ತು. 1889ರ ಆ ಸಂಪುಟದಲ್ಲಿದ್ದುದು 144 ಶಾಸನಗಳು. ರೈಸ್ ಅವರ ನಂತರ ಮೈಸೂರು ಪುರಾತತ್ತ್ವ ಇಲಾಖೆಯನ್ನು ವಹಿಸಿಕೊಂಡ ಆರ್. ನರಸಿಂಹಾಚಾರ್ ಅಲ್ಲಿ ಮತ್ತೆ ಹುಡುಕಾಟ ನಡೆಸಿದರು. 1923ರಲ್ಲಿ ಹೊರಬಂದ ಪರಿಷ್ಕೃತ ಮುದ್ರಣದಲ್ಲಿ ಶಾಸನಗಳ ಸಂಖ್ಯೆ 500ಕ್ಕೆ ಏರಿತು. ಹೊಸವು ಸೇರಿದ್ದರಿಂದ ಹಳೆಯವುಗಳ ಸಂಖ್ಯೆಯೂ ಬದಲಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಇಡೀ ಮಾಲೆಯನ್ನು ಪರಿಷ್ಕರಿಸತೊಡಗಿತು. 1973ರಲ್ಲಿ ಬಂದ ಶ್ರವಣಬೆಳಗೊಳದ ಸಂಪುಟದಲ್ಲಿ 573 ಶಾಸನಗಳಿವೆ.

ನಮ್ಮ ವಿದ್ಯಾರ್ಥಿನಿಗೆ ಬೇಕಾಗಿದ್ದುದು ಒಂದನೆಯ ಬುಕ್ಕರಾಯನ 1368ರ ಪ್ರಸಿದ್ಧ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ರಾಜಿ ಮಾಡಿಸಿದ ದಾಖಲೆ ಅದು. ರೈಸ್ ಅವರಲ್ಲಿ ಅದರ ಸಂಖ್ಯೆ 136. ನರಸಿಂಹಾಚಾರ್ ಅವರಲ್ಲಿ 344. ಕಲ್ಲು ಒಂದೇ, ಸಂಖ್ಯೆ ಎರಡು. ಇನ್ನೂ ಒಂದು ತೊಡಕಿದೆ. ಇದೇ ಒಪ್ಪಂದವನ್ನು ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಕೆತ್ತಿಸಲಾಗಿತ್ತು. ಅದು 9ನೆಯ ಸಂಪುಟದ ಮಾಗಡಿ 18. ಇಲ್ಲಿ ಒಪ್ಪಂದ ಒಂದೇ, ಕಲ್ಲು ಮಾತ್ರ ಬೇರೆ.

ಈಗ ತಪ್ಪು ನಡೆದ ಬಗೆಯನ್ನು ನೋಡೋಣ. ಆಕೆ ಬಳಸುತ್ತಿದ್ದುದು ಆಕರಗಳನ್ನು ಜೋಡಿಸಿಡುವ ತಂತ್ರಾಂಶ. ಇಂಥವು ಹಲವಿವೆ, 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ ಹೊರಬಂದ ‘ಜೊಟೆರೊ’ ಉಚಿತವಾಗಿ ದೊರೆಯುವುದರಿಂದ ವಿದ್ಯಾರ್ಥಿಗಳಿಗೆ ಪರಿಚಿತ. ಗ್ರಂಥದ ವಿವರವನ್ನು ಒಮ್ಮೆ ತುಂಬಿಸಿಟ್ಟರೆ, ವರ್ಡ್‌ನಂಥ ಪದಸಂಸ್ಕಾರಕದಲ್ಲಿ ಬೇಕಾದ ಕಡೆ ಅಡಿಟಿಪ್ಪಣಿಯನ್ನೂ ಕೊನೆಗೆ ಗ್ರಂಥಋಣವನ್ನೂ ಅದೇ ಬರೆದುಕೊಡುತ್ತದೆ. ಆಕೆಯ ಪಟ್ಟಿಯಲ್ಲಿ 1889ರ ಮತ್ತು 1923ರ ಸಂಪುಟಗಳೆರಡೂ ಇದ್ದವು. ಹೆಸರೂ ಒಂದೇ, ಸಂಪುಟವೂ ಒಂದೇ ಎಂದು ಕಂಡು, ಒಂದೇ ಗ್ರಂಥ ಎರಡು ಸಲ ಸೇರಿದೆಯೆಂದು ಭಾವಿಸಿ ಆಕೆ ಎರಡನ್ನೂ ಕೂಡಿಸಿಬಿಟ್ಟಳು. ಉಳಿದದ್ದು 1889. ಹೀಗಾಗಿ 144 ಶಾಸನಗಳಿರುವ ಗ್ರಂಥದಲ್ಲಿ 344ನೆಯ ಶಾಸನ ಕಾಣಿಸಿಕೊಂಡಿತು! ಯಂತ್ರ ಹೇಳಿದ್ದನ್ನು ಮಾಡಿತ್ತು, ಅಷ್ಟೆ.

ಪರಿಹಾರ ಕಷ್ಟದ್ದಲ್ಲ. ಪ್ರತಿ ಮುದ್ರಣಕ್ಕೂ ಪ್ರತ್ಯೇಕ ನಮೂದು ಇರಬೇಕು. ಸಂಪಾದಕರು, ವರ್ಷ, ಪರಿಷ್ಕೃತ ಮುದ್ರಣವೇ ಎಂಬ ವಿವರಗಳನ್ನು ಆಯಾ ಜಾಗದಲ್ಲೇ ತುಂಬಬೇಕು. ಶಾಸನದ ಸಂಖ್ಯೆಯನ್ನು ಗ್ರಂಥದ ಹೆಸರಿಗೆ ಅಂಟಿಸದೆ, ಪುಟಸಂಖ್ಯೆ ಕೊಡುವ ಹಾಗೆ ಆಯಾ ಟಿಪ್ಪಣಿಯಲ್ಲೇ ಕೊಡಬೇಕು.

ಪದಸಂಸ್ಕಾರಕದಲ್ಲಿ ಕಾಣುವ ಟಿಪ್ಪಣಿ ಸಾಮಾನ್ಯ ಅಕ್ಷರಗಳಲ್ಲ. ಅದರ ಹಿಂದೆ ತಂತ್ರಾಂಶಕ್ಕೆ ಸೇರಿದ ಕೊಂಡಿಯಿದೆ. ಅದನ್ನು ಕೈಯಿಂದ ತಿದ್ದಿದರೆ ಮುಂದಿನ ಸಲ ಪರಿಷ್ಕರಿಸುವಾಗ ತಿದ್ದುಪಡಿ ಅಳಿಸಿಹೋಗಬಹುದು. ಆದ್ದರಿಂದ ಮೂಲ ನಮೂದನ್ನೇ ತಿದ್ದಬೇಕು. ಕಡತವನ್ನು ಬೇರೊಂದು ಪದಸಂಸ್ಕಾರಕಕ್ಕೆ ಸಾಗಿಸಿದಾಗಲೂ ಕೊಂಡಿ ಕಡಿದುಹೋಗುವುದುಂಟು. ಅದಕ್ಕೇ ಮೊದಲೊಂದು ಪ್ರತಿ ತೆಗೆದಿಡಿ.

ಕನ್ನಡದಲ್ಲಿ ಬರೆಯುವವರು ಇನ್ನೆರಡು ಸಂಗತಿ ಗಮನಿಸಬೇಕು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಹೆಸರನ್ನು ಹಾಗೆಯೇ ತಂದು ಹಾಕಿದರೆ ತಂತ್ರಾಂಶದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಎರಡನೆಯದು ಹೆಸರಿನ ಪ್ರಶ್ನೆ. ‘ರೈಸ್’ ಎಂಬುದು ಮನೆತನದ ಹೆಸರು. ‘ನರಸಿಂಹಾಚಾರ್’ ಹಾಗಲ್ಲ, ಅದು ವ್ಯಕ್ತಿಯದೇ ಹೆಸರು. ನಮ್ಮಲ್ಲಿ ಹೆಸರಿನ ಮುಂದಿನ ಅಕ್ಷರ ಊರಿನದೋ ತಂದೆಯದೋ ಆಗಿರುತ್ತದೆ. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಭಾರತೀಯ ಹೆಸರುಗಳ ಈ ತೊಡಕಿಗೆ 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲಿಯೇ ನಿಯಮ ಹುಡುಕಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ.

ವಿಜ್ಞಾನದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠವೊಂದಿದೆ. ಮಾನ ಹೇಳದ ಅಳತೆಗೆ ಅರ್ಥವಿಲ್ಲ. 344 ಎಂದರೆ ಏನು? ಮೀಟರೇ, ಗ್ರಾಮೇ? ಹಾಗೆಯೇ ಮುದ್ರಣದ ವರ್ಷ ಹೇಳದ ಶಾಸನಸಂಖ್ಯೆಯೂ ಬರಿಯ ಅಂಕಿ.

ಆ ವಿದ್ಯಾರ್ಥಿನಿ ಗ್ರಂಥಾಲಯಕ್ಕೆ ಹೋಗಿ ಎರಡೂ ಸಂಪುಟಗಳನ್ನು ಎದುರಿಗಿಟ್ಟುಕೊಂಡು ಟಿಪ್ಪಣಿ ತಿದ್ದಿದಳು. ಈಗ ಅಲ್ಲಿ 1923ರ ಪಕ್ಕದಲ್ಲಿ 344, ಆವರಣದಲ್ಲಿ 1889ರ 136 ಇದೆ. ಕನ್ನಡದಲ್ಲಿ ಆಕರಗಳ ಪಟ್ಟಿಗೆ ‘ಗ್ರಂಥಋಣ’ ಎಂಬ ಒಳ್ಳೆಯ ಮಾತಿದೆ. ಋಣ ತೀರಿಸುವಾಗ ಯಾರಿಂದ ಪಡೆದೆವೋ ಅವರಿಗೇ ಕೊಡಬೇಕಲ್ಲವೆ? ನರಸಿಂಹಾಚಾರ್ ಅವರಿಗೆ ಸಲ್ಲಬೇಕಾದದ್ದು ರೈಸ್ ಅವರ ಲೆಕ್ಕಕ್ಕೆ ಹೋಗಬಾರದು. ಪಟ್ಟಿಯನ್ನು ಯಂತ್ರ ಜೋಡಿಸಿಕೊಟ್ಟೀತು. ಪುಸ್ತಕವನ್ನು ತೆರೆದು ನೋಡುವ ಕೆಲಸ ನಮ್ಮದು.