ಮನೆಯ ಮಗಳ ಪಾಲು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಬೀದಿಗಳಲ್ಲಿ ಅಡ್ಡಾಡುವ ತಮಗೆ ಈ ನೋಟ ಹೊಸದಲ್ಲ. ಮುಂದೆ ಜಗಲಿ, ಹಿಂದೆ ಬಾವಿ, ಪಕ್ಕದಲ್ಲಿ ಎರಡು ತೆಂಗಿನ ಮರ. ಬಾಗಿಲಿಗೆ ಮಾತ್ರ ಬೀಗ. ಗೇಟಿನ ಮೇಲೆ ಒಂದು ಹಲಗೆ: ‘ಈ ಸ್ವತ್ತಿನ ಮೇಲೆ ದಾವೆ ನಡೆಯುತ್ತಿದೆ.’ ಚಾಮರಾಜಪೇಟೆ ೧೮೯೨ರ ಬಡಾವಣೆ. ೧೮೯೮ರ ಪ್ಲೇಗಿನ ಹಾವಳಿಯ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಅಂದು ನಿವೇಶನ ಪಡೆದು ಮನೆ ಕಟ್ಟಿದ ಹಿರಿಯರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಕೇಳುವ ಪ್ರಶ್ನೆ ಒಂದೇ: ಯಾರಿಗೆ ಎಷ್ಟು? ಹೆಣ್ಣುಮಕ್ಕಳಿಗೆ ಪಾಲುಂಟೆ, ಇಲ್ಲವೆ?

ಈ ಪ್ರಶ್ನೆಗೆ ಭರತಖಂಡದ ಬಹುಭಾಗ ಒಪ್ಪಿದ ಉತ್ತರ ಹೊರಟದ್ದು ನಮ್ಮ ಕನ್ನಡ ನಾಡಿನಿಂದಲೇ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಸಂಸ್ಕೃತದಲ್ಲಿ ರಚಿಸಿದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂಬುದು ಅವನ ಸಿದ್ಧಾಂತ. ಬಂಗಾಳದಲ್ಲಿ ಮಾತ್ರ ಜೀಮೂತವಾಹನನ ‘ದಾಯಭಾಗ’ ನಡೆಯಿತು. ಅದರಂತೆ ತಂದೆ ತೀರಿದ ಬಳಿಕವೇ ಮಗನಿಗೆ ಹಕ್ಕು.

ಇಷ್ಟು ಅನೇಕರು ಬಲ್ಲರು. ಅದೇ ಗ್ರಂಥದಲ್ಲಿ ಮಗಳ ವಿಷಯವೂ ಉಂಟೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಣ್ಣತಮ್ಮಂದಿರು ತಮ್ಮ ಅಂಶದ ನಾಲ್ಕನೆಯ ಒಂದನ್ನು ಕೊಟ್ಟು ತಂಗಿಯರ ವಿವಾಹ ನಡೆಸಬೇಕೆಂದು ಸ್ಮೃತಿ ಹೇಳುತ್ತದೆ. ಇದು ಬರಿಯ ಮದುವೆಯ ಖರ್ಚು ಎಂದು ವಾದಿಸಿದವರಿದ್ದರು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ತಂದೆಯ ಕಾಲಾನಂತರ ಮದುವೆಯಾಗದ ಮಗಳೂ ಪಾಲುಗಾರಳೇ ಎಂದನು. ಲೆಕ್ಕವನ್ನೂ ಮಾಡಿ ತೋರಿಸಿದನು. ಅದನ್ನು ಆಣೆಯ ಲೆಕ್ಕಕ್ಕೆ ತಂದರೆ ಹೀಗೆ: ಒಬ್ಬ ಮಗ, ಒಬ್ಬ ಮಗಳು, ಹದಿನಾರಾಣೆ ಸ್ವತ್ತು. ಮೊದಲು ಎಂಟೆಂಟಾಣೆಯ ಎರಡು ಭಾಗ ಮಾಡಬೇಕು. ಒಂದು ಭಾಗವನ್ನು ನಾಲ್ಕಾಗಿ ಸೀಳಿ ಅದರಲ್ಲಿ ಒಂದನ್ನು, ಎಂದರೆ ಎರಡಾಣೆಯನ್ನು, ಮಗಳಿಗೆ ಕೊಡಬೇಕು. ಉಳಿದ ಹದಿನಾಲ್ಕಾಣೆ ಮಗನಿಗೆ. ಅಲ್ಪವೆನ್ನಿ, ಆದರೆ ಅದು ದಾನವಲ್ಲ, ಪಾಲು.

ಮುಂದೆ ಕಾಲ ಹಿಂದಕ್ಕೆ ನಡೆಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಮಿತಾಕ್ಷರೆಯ ದಾಯಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದನು. ನ್ಯಾಯಾಲಯಗಳು ಮಗನ ಹುಟ್ಟುಹಕ್ಕನ್ನು ಭದ್ರವಾಗಿ ಹಿಡಿದುವು. ಮಗಳ ನಾಲ್ಕನೆಯ ಒಂದು ಮದುವೆಯ ಖರ್ಚಿನಲ್ಲಿ ಕರಗಿಹೋಯಿತು. ದಾಯವಾಗಿ ಬಂದುದೂ ಸ್ತ್ರೀಧನವೇ ಎಂದಿದ್ದ ವಿಜ್ಞಾನೇಶ್ವರನ ಮಾತನ್ನೂ ಅವು ಪೂರ್ತಿ ಮನ್ನಿಸಲಿಲ್ಲ.

ಆ ನಾಲ್ಕನೆಯ ಒಂದು ಮರಳಿ ಕಾನೂನಾದದ್ದು ಮೈಸೂರು ಸಂಸ್ಥಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ ಬಂದಿತು. ಪಾಲಾಗುವಾಗ ವಿಧವೆಗೆ ಗಂಡನಿಗೆ ಬರಬಹುದಾಗಿದ್ದುದರ ಅರ್ಧ, ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಸೋದರನ ಪಾಲಿನ ಕಾಲುಭಾಗ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಪಾಲು ಕೊಟ್ಟ ಶಾಸನ ಬಂದದ್ದು ಇನ್ನೂ ನಾಲ್ಕು ವರ್ಷಗಳ ಮೇಲೆ, ೧೯೩೭ರಲ್ಲಿ. ಅದರಲ್ಲಿ ಮಗಳ ಹೆಸರಿರಲಿಲ್ಲ.

೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ತಂದೆಯ ಸ್ವಯಾರ್ಜಿತದಲ್ಲಿ ಮಗಳನ್ನು ಮಗನ ಸಮಕ್ಕೆ ತಂದಿತು. ಒಟ್ಟು ಕುಟುಂಬದ ಸ್ವತ್ತಿನಲ್ಲಿ ಹುಟ್ಟುಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಕರ್ಣಾಟಕವು ೧೯೯೪ರಲ್ಲಿ ಈ ಹುಟ್ಟುಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಇಡೀ ದೇಶಕ್ಕೆ ಜಾರಿಯಾದ ತಿದ್ದುಪಡಿ ಆ ಭೇದವನ್ನು ತೊಡೆಯಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರಂದು ತೀರ್ಪಿತ್ತಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ರಿಜಿಸ್ಟರಾಗಿ ಇಲ್ಲವೆ ಡಿಕ್ರಿಯಾಗಿ ಮುಗಿದ ಪಾಲುಪಾರಿಖತ್ತುಗಳನ್ನು ಕದಲಿಸುವಂತಿಲ್ಲ.

ಇನ್ನು ಉಯಿಲಿನ ಮಾತು. ಸ್ಮೃತಿಕಾರರು ಕಾಣದ ಈ ಮರಣಶಾಸನ ಆಂಗ್ಲರ ಆಳ್ವಿಕೆಯಲ್ಲಿ ರೂಢಿಗೆ ಬಂದುದು. ಇದಕ್ಕೆ ಛಾಪಾ ಕಾಗದ ಬೇಡ, ರಿಜಿಸ್ಟರ್ ಕಡ್ಡಾಯವಲ್ಲ. ಬರೆಸಿದವರ ರುಜು ಮತ್ತು ಅದಕ್ಕೆ ಸಾಕ್ಷಿಯಾಗಿ ಇಬ್ಬರ ರುಜು ಇದ್ದರಾಯಿತು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡದಿರುವುದು ಲೇಸು. ಬದುಕಿರುವವರೆಗೆ ಅದನ್ನು ಬದಲಿಸಬಹುದು. ಆದರೆ ನೆನಪಿರಲಿ, ಉಯಿಲು ಬರೆಯಬಹುದಾದುದು ತಮ್ಮ ಸ್ವಂತದ್ದಕ್ಕೆ ಮತ್ತು ಒಟ್ಟು ಸ್ವತ್ತಿನಲ್ಲಿ ತಮ್ಮ ಪಾಲಿಗೆ ಮಾತ್ರ. ಉಯಿಲಿಲ್ಲದೆ ತೀರಿದವರ ಸ್ವಯಾರ್ಜಿತ ಮನೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಲ್ಲಿ ನಾಲ್ಕು ಸಮಪಾಲಾಗುತ್ತದೆ. ಅವರ ತಾಯಿ ಇದ್ದರೆ ಐದು.

ಇಂದಿಗೂ ಎಷ್ಟೋ ಮನೆಗಳಲ್ಲಿ, ಹಬ್ಬಕ್ಕೆಂದು ಬಂದ ಮಗಳ ಮುಂದೆ ಹಕ್ಕು ಖುಲಾಸೆ ಪತ್ರವನ್ನಿಟ್ಟು ‘ಇಲ್ಲೊಂದು ರುಜು ಹಾಕಮ್ಮ’ ಎನ್ನುವುದುಂಟು. ತವರಿನ ನಂಟು ಕಡಿದೀತೆಂಬ ಅಂಜಿಕೆಯಿಂದ ಆಕೆ ಓದದೆ ರುಜು ಹಾಕುವುದೂ ಉಂಟು. ಆಕೆ ಮನಸಾರೆ ಬಿಟ್ಟುಕೊಟ್ಟರೆ ಅದು ಆಕೆಯ ಔದಾರ್ಯ. ಆದರೆ ತನ್ನದು ಎಷ್ಟೆಂದು ತಿಳಿಯದೆ ಬಿಟ್ಟುದು ಔದಾರ್ಯವಾಗದು. ಆದುದರಿಂದ ಹಿರಿಯರಾದ ತಾವು, ಕೈಕಾಲು ಗಟ್ಟಿಯಿರುವಾಗಲೇ, ಮಕ್ಕಳೆಲ್ಲರನ್ನೂ, ಹೆಣ್ಣುಮಕ್ಕಳನ್ನೂ ಸೇರಿಸಿ, ಕೂರಿಸಿಕೊಂಡು ಮನೆಯ ಪತ್ರಗಳನ್ನು ಓದಿ ಹೇಳಿರಿ. ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ, ಯಾರಿಗೆ ಎಷ್ಟು ಎಂಬುದನ್ನು ತಿಳಿಸಿ, ಬರೆದಿಡಿರಿ.