ಗುಡಿಯ ಮೇಲಿನ ತೀರ್ಪು: ಪ್ರವಾದನೆಯಿಂದ ಭಾಕಣೂಕದವರೆಗೆ

ದೇವರು ಅನ್ಯರ ಮೇಲಲ್ಲದೆ ತನ್ನವರ ಮೇಲೆಯೇ ಮುನಿದು ತನ್ನ ಗುಡಿಯನ್ನೇ ಶತ್ರುವಿನ ಕೈಗೆ ಒಪ್ಪಿಸುತ್ತಾನೆ ಎಂಬ ಕಲ್ಪನೆ ಪ್ರಾಚೀನ ಹೀಬ್ರೂ ಪ್ರವಾದಿಗಳ ಮಾತಿನಲ್ಲಿ ಪಡೆದಷ್ಟು ತೀವ್ರತೆಯನ್ನು ಬೇರೆಡೆ ಪಡೆದದ್ದು ಅಪರೂಪ. ಕನ್ನಡದ ಕಾಲಜ್ಞಾನ ವಚನಗಳನ್ನೂ, ನಿಪ್ಪಾಣಿ ಸೀಮೆಯ ಅಪ್ಪಾಚಿವಾಡಿಯಲ್ಲಿ ಹಾಲಸಿದ್ಧನಾಥನ ಜಾತ್ರೆಗೆ ವರ್ಷವರ್ಷವೂ ನುಡಿಯುವ ಭಾಕಣೂಕವನ್ನೂ ಇದರ ಸಾಲಿಗೆ ಸೇರಿಸುವ ರೂಢಿಯಿದೆ. ಮೂರರಲ್ಲಿಯೂ ಮುಂದಾಗುವುದರ ಮಾತಿದೆ ಎಂಬುದು ನಿಜ. ಆದರೆ ತೀರ್ಪಿಗೆ ಗುರಿಯಾಗುವವರು ಯಾರು ಎಂದು ಕೇಳಿದಾಗ ಮೂರೂ ಬೇರೆಬೇರೆ ದಾರಿ ಹಿಡಿಯುತ್ತವೆ.

ಹೀಬ್ರೂ ಪ್ರವಾದಿಗಳ ಪರಂಪರೆಯಲ್ಲಿ ಸ್ವಂತ ಹೆಸರಿನ ಗ್ರಂಥವುಳ್ಳ ಮೊದಲಿಗರಲ್ಲಿ ಒಬ್ಬನಾದ ಆಮೋಸನು ಕುರಿ ಸಾಕುತ್ತಿದ್ದವನು. ಕ್ರಿ.ಪೂ. 8ನೆಯ ಶತಮಾನದಲ್ಲಿ ತೆಕೋವದಿಂದ ಹೊರಟು ಬೇತೇಲಿನ ರಾಜದೇಗುಲಕ್ಕೆ ಬಂದ ಇವನು, ಬಡವರನ್ನು ತುಳಿದು ಸಲ್ಲಿಸಿದ ಬಲಿಯನ್ನು ದೇವರು ಮೂಸಿಯೂ ನೋಡನೆಂದಾಗ, ಅಲ್ಲಿಯ ಪೂಜಾರಿ ಅವನನ್ನು ಊರು ಬಿಡಲು ಹೇಳಿದ. ಅದೇ ಶತಮಾನದ ಮೀಕನು ಯೆರೂಸಲೇಮಿನ ಗುಡಿಯಿರುವ ಗುಡ್ಡ ಹೊಲದಂತೆ ಉಳುಮೆಗೆ ಈಡಾಗುವುದೆಂದ. ಸುಮಾರು ಒಂದು ಶತಮಾನದ ತರುವಾಯ ಯೆರೆಮೀಯನು ಗುಡಿಯ ಬಾಗಿಲಲ್ಲೇ ನಿಂತು, ದೇವರ ಮನೆ ತಮ್ಮ ಬಳಿಯಿದೆ ಎಂಬ ಧೈರ್ಯದಿಂದ ಅನ್ಯಾಯ ಮಾಡುವವರು ಹಿಂದೆ ಹಾಳಾದ ಶೀಲೋ ಕ್ಷೇತ್ರವನ್ನು ನೋಡಿಬರಲಿ ಎಂದು ಸಾರಿದಾಗ, ಅವನಿಗೆ ಮರಣದಂಡನೆಯಾಗಬೇಕೆಂದು ಪೂಜಾರಿಗಳೇ ಪಟ್ಟು ಹಿಡಿದರು. ಆಗ ಹಿರಿಯರು ಮೀಕನ ಹಳೆಯ ಮಾತನ್ನು ನೆನಪಿಸಿ ಯೆರೆಮೀಯನ ಪರ ನಿಂತರು. ಒಬ್ಬ ಪ್ರವಾದಿಯ ನುಡಿ ಇನ್ನೊಬ್ಬನ ಜೀವಕ್ಕೆ ಆಸರೆಯಾದ ಈ ಪ್ರಸಂಗ, ಇಂಥ ನುಡಿಗಳನ್ನು ಜನ ನೆನಪಿನಲ್ಲಿ ಕಾಪಿಟ್ಟ ಬಗೆಗೂ ಸಾಕ್ಷಿ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಸೈನ್ಯ ಗುಡಿಯನ್ನು ಸುಟ್ಟಿತು. ಅದಕ್ಕೆ ಮೊದಲೇ ಸೆರೆಯಾಗಿ ಹೋಗಿದ್ದ ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ದೇವರ ತೇಜಸ್ಸು ಗರ್ಭಗೃಹದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಊರಾಚೆಯ ಬೆಟ್ಟಕ್ಕೆ ಹೆಜ್ಜೆಹೆಜ್ಜೆಯಾಗಿ ಹೊರಟುಹೋಗುತ್ತದೆ. ಶತ್ರು ಸುಟ್ಟದ್ದು ದೇವರು ಆಗಲೇ ತೊರೆದಿದ್ದ ಮನೆಯನ್ನು ಎಂಬುದು ಇದರ ಇಂಗಿತ. ಕ್ರಿ.ಪೂ. 515ರ ಸುಮಾರಿಗೆ ಮತ್ತೆ ಎದ್ದ ಗುಡಿಯೂ ಕ್ರಿ.ಶ. 70ರಲ್ಲಿ ರೋಮನ್ನರ ಕೈಯಲ್ಲಿ ನಾಶವಾಯಿತು.

ಈ ಪ್ರವಾದಿಗಳ ಗ್ರಂಥಗಳ ಆಧುನಿಕ ಅಧ್ಯಯನ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಬಲಿಯಿತು. ಬೈಬಲ್ ವಿದ್ವಾಂಸರಲ್ಲಿ ವೆಲ್‌ಹೌಸನ್ ಪ್ರವಾದಿಗಳನ್ನು ಧರ್ಮಶಾಸ್ತ್ರದ ವ್ಯಾಖ್ಯಾನಕಾರರೆಂದಲ್ಲದೆ ಅದಕ್ಕೂ ಹಿಂದಿನ ಸ್ವತಂತ್ರ ದನಿಗಳೆಂದು ಕಂಡರೆ, ಡೂಮ್ 1892ರಲ್ಲಿ ಪ್ರವಾದಿ ಯೆಶಾಯನ ಗ್ರಂಥದಲ್ಲಿ ಮೂರು ಕಾಲದ ಮೂರು ಕೈಗಳನ್ನು ಗುರುತಿಸಿದ. ಘಟನೆ ಮುಗಿದ ಮೇಲೆ ಬರೆದು ಹಿಂದಿನವರ ಬಾಯಲ್ಲಿ ಇಟ್ಟ ಮಾತು, ಅಂದರೆ ಘಟನೋತ್ತರ ಭವಿಷ್ಯ, ಯಾವುದು ಎಂಬ ಪ್ರಶ್ನೆ ಆ ಕಾಲದಿಂದ ತಪ್ಪಿಸಿಕೊಳ್ಳಲಾಗದಂಥದಾಯಿತು. 1933ರಿಂದ ಸಿರಿಯಾದ ಮಾರಿಯಲ್ಲಿ ದೊರೆತ ಮಣ್ಣಿನ ಫಲಕಗಳು ದೇವರ ಹೇಳಿಕೆ ಹೀಬ್ರೂ ಜನರ ಸೊತ್ತು ಮಾತ್ರವಾಗಿರಲಿಲ್ಲವೆಂದು ತೋರಿಸಿದವು. ಆದರೆ ಅಲ್ಲಿಯ ಹೇಳಿಕೆಗಳು ಬಹುಮಟ್ಟಿಗೆ ಅರಸನ ಕ್ಷೇಮಕ್ಕೆ ಸಂಬಂಧಿಸಿದವು.

ಕನ್ನಡಕ್ಕೆ ಹೀಬ್ರೂ ಪ್ರವಾದಿಗಳ ಗ್ರಂಥಗಳು ಬಂದದ್ದು ಬಳ್ಳಾರಿಯಲ್ಲಿ ನೆಲೆಸಿದ್ದ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಅನುವಾದದ ಮೂಲಕ, 1830ರ ದಶಕದ ಆರಂಭದ ಹೊತ್ತಿಗೆ. ಕನ್ನಡ ಬೈಬಲಿನಲ್ಲಿ ನೆಲೆಯೂರಿದ ‘ಪ್ರವಾದಿ’ ಎಂಬ ಶಬ್ದ ‘ವಾದ’ಕ್ಕೆ, ಎಂದರೆ ನುಡಿಯುವಿಕೆಗೆ, ಒತ್ತು ಕೊಡುತ್ತದೆ, ‘ಕಾಲಜ್ಞಾನಿ’ ಎಂಬುದಾದರೋ ಅರಿವಿಗೆ. ಈ ಭೇದ ಸಣ್ಣದಲ್ಲ.

ಕಾಲಜ್ಞಾನ ಸಾಹಿತ್ಯದ ಬೇರು ಕಲ್ಯಾಣದ ಕುಸಿತದಲ್ಲಿದೆ. 1167-68ರ ಸುಮಾರಿಗೆ ಅಲ್ಲಿಯ ಅರಸ ಬಿಜ್ಜಳನ ಅಂತ್ಯವಾಗಿ ಶರಣರು ಉಳವಿಯ ಕಡೆಗೆ ಚದುರಿದ ನೆನಪನ್ನು ಚೆನ್ನಬಸವಣ್ಣನ ಹೆಸರಿನ ಕಾಲಜ್ಞಾನವೂ, 16ನೆಯ ಶತಮಾನದ ಕೊಡೇಕಲ್ಲ ಬಸವಣ್ಣನ ಪರಂಪರೆಯೂ ಭವಿಷ್ಯದ ಭಾಷೆಯಲ್ಲಿ ಮತ್ತೆ ಹೇಳಿದವು. ವೀರವಸಂತರಾಯನೆಂಬ ಅರಸ ಬರುವನು, ಕಲ್ಯಾಣ ಮರಳಿ ಕಟ್ಟಲ್ಪಡುವುದು ಎಂಬುದು ಅವುಗಳ ಭರವಸೆ. ಇಲ್ಲಿ ಹಾಳಾದದ್ದು ಗುಡಿಯಲ್ಲ, ಪಟ್ಟಣ. ದೇಹವನ್ನೇ ದೇಗುಲವೆಂದು ಬಗೆದ ಶರಣರಿಗೆ ಕಲ್ಲಿನ ಗುಡಿಯ ನಾಶ ಶೋಕದ ವಿಷಯವಾಗುವುದೂ ಕಷ್ಟವೇ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ (1923) ವಚನಗಳನ್ನು ತತ್ತ್ವದ ಚೌಕಟ್ಟಿನಲ್ಲಿ ಓದಲು ಕಲಿಸಿತು; ಆ ಚೌಕಟ್ಟಿಗೆ ಒಗ್ಗದ ಕಾಲಜ್ಞಾನ ಬಹುಕಾಲ ಅಂಚಿನಲ್ಲಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಕಾಗವಾಡ, ಶೇಡಬಾಳ, ಅಥಣಿಗಳ ಜೈನ ವಲಯದಲ್ಲಿ ಇನ್ನೊಂದು ಬಗೆಯ ಭವಿಷ್ಯವಿದೆ. ಈಗ ನಡೆಯುತ್ತಿರುವ ಪಂಚಮ ಕಾಲ 21,000 ವರ್ಷಗಳದ್ದು, ಅದರ ಕೊನೆಗೆ ಧರ್ಮವೇ ಅಳಿಯುವುದು ಎಂಬ ನಂಬಿಕೆಯನ್ನು ಜಿನಸೇನರ ‘ಆದಿಪುರಾಣ’ ಭರತನ ಹದಿನಾರು ಕನಸುಗಳ ಮೂಲಕ ನಿರೂಪಿಸುತ್ತದೆ. ಇಲ್ಲಿ ಅವನತಿಯಿದೆ, ತೀರ್ಪುಗಾರನಿಲ್ಲ. ಕಾಲಚಕ್ರ ಯಾರ ಮೇಲೂ ಮುನಿಯುವುದಿಲ್ಲ. ಅವನತಿಯನ್ನು ಒಪ್ಪಿಯೂ ಕೈಕಟ್ಟಿ ಕೂರದಿದ್ದುದಕ್ಕೆ, ಇದೇ ಸೀಮೆಯ ಭೋಜದ ಮನೆತನದಲ್ಲಿ 1872ರಲ್ಲಿ ಹುಟ್ಟಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಿದರ್ಶನ.

ಆಮೋಸನ ಕುರಿಗಾಹಿತನಕ್ಕೆ ಹತ್ತಿರದ ನೆಂಟಸ್ತಿಕೆ ಇರುವುದು ಕುರುಬರ ಹಾಲುಮತದ ನುಡಿಗೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲನೇರಿ ಒಂದೇ ಸಾಲಿನಲ್ಲಿ ಹೇಳುವ ಕಾರಣಿಕವೂ, ಗಡಿಯಾಚೆ ಪಟ್ಟಣಕೊಡೋಲಿಯ ಬೀರದೇವರ ಜಾತ್ರೆಯ ಭಾಕಣೂಕವೂ, ಅಪ್ಪಾಚಿವಾಡಿಯ ಭಾಕಣೂಕವೂ ಮಳೆ, ಬೆಳೆ, ಧಾರಣೆ, ರಾಜಕೀಯಗಳ ಮಾತಾಡುತ್ತವೆ. ಶಂ.ಬಾ. ಜೋಶಿಯವರ ‘ಹಾಲುಮತ ದರ್ಶನ’ (1960) ಮತ್ತು ಗುಂಥರ್ ಸೋಂಥೈಮರ್ ಅವರ ಧನಗರ ದೈವಗಳ ಅಧ್ಯಯನ (1976) ಈ ಲೋಕವನ್ನು ವಿದ್ವತ್ತಿನ ಕಣ್ಣಿಗೆ ತಂದವು.  ಭಾಕಣೂಕ ಅರಸರನ್ನೂ ಆಳುವವರನ್ನೂ ಬಿಡುವುದಿಲ್ಲ. ಆದರೆ ತಾನು ನಿಂತ ಗುಡಿ ಉರುಳುವುದೆಂದು ಹೇಳುವುದು ಅದರ ಜಾಯಮಾನವಲ್ಲ, ಏಕೆಂದರೆ ಮುಂದಿನ ವರ್ಷವೂ ಅದೇ ಗುಡಿಯ ಮುಂದೆಯೇ ಅದು ನುಡಿಯಬೇಕು.

ಗುಡಿಗೆ ಆಪತ್ತು ಬಂದರೂ ಅದನ್ನು ತೀರ್ಪೆಂದು ಓದದ ಬಗೆಯೂ ಇಲ್ಲಿದೆ. ಚಿಕ್ಕೋಡಿ ಸೀಮೆಗೆ ಹೊಂದಿಕೊಂಡ ನರಸೋಬವಾಡಿಯಲ್ಲಿ ಕೃಷ್ಣೆಯ ನೆರೆ ದತ್ತನ ಗುಡಿಯ ಒಳಗೆ ನುಗ್ಗಿ ದಕ್ಷಿಣದ ಬಾಗಿಲಿನಿಂದ ಹೊರಬೀಳುವ ದಿನವನ್ನು ‘ದಕ್ಷಿಣದ್ವಾರ’ವೆಂದು ಕರೆದು, ಆ ನೀರಿನಲ್ಲಿ ಮೀಯುವುದೇ ಪುಣ್ಯವೆಂದು ಜನ ಸೇರುತ್ತಾರೆ. ಯೆರೆಮೀಯನು ದಂಡನೆಯೆಂದು ಓದಬಹುದಾಗಿದ್ದ ಗುರುತನ್ನು ಈ ಕಣಿವೆ ದೇವರ ಪಾದಸ್ಪರ್ಶದ ನೀರೆಂದು ಓದಿಕೊಂಡಿದೆ. 2005 ಮತ್ತು 2019ರ ಮಹಾಪೂರಗಳು ಹೊಲಮನೆಗಳನ್ನು ಕೊಚ್ಚಿಕೊಂಡು ಹೋದ ಮೇಲೂ ಆ ಸ್ನಾನ ನಿಂತಿಲ್ಲ.