ಕಡಲು ಬಾಗಿಲಿಕ್ಕುವ ಕಾಲ

ಕಾರವಾರದಿಂದ ತಲಪಾಡಿಯವರೆಗೆ ಪಶ್ಚಿಮ ಸಮುದ್ರದ ತಡಿಯಲ್ಲಿ ಬಾಳುವ ಜನರಿಗೆ ವರ್ಷದಲ್ಲೊಮ್ಮೆ ವ್ಯವಹಾರವನ್ನೆಲ್ಲ ನಿಲ್ಲಿಸಿ, ದೋಣಿಯನ್ನು ಮೇಲಕ್ಕೆಳೆದು, ಕೂಡಿಟ್ಟ ದಿನಸಿಯನ್ನು ನಂಬಿಕೊಂಡು ಮನೆಯೊಳಗೆ ಕೂಡುವುದು ಅನಾದಿಯಿಂದ ಬಂದ ಪದ್ಧತಿ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ, ಈ ತೀರದ ಮನೆಗಳಲ್ಲಿ ಕಂಡ ದಿನಚರಿಯನ್ನು ಅರಿಯಬೇಕಾದರೆ, ಅದಕ್ಕೂ ಹಿಂದಿನ ಆ ವಾರ್ಷಿಕ ಬಂಧನದ ಚರಿತ್ರೆಯನ್ನು ಅರಿಯುವುದು ಅವಶ್ಯಕವೆಂದು ನಾನು ನಂಬುತ್ತೇನೆ. ಏಕೆಂದರೆ ಮೇಲುನೋಟಕ್ಕೆ ಒಂದೇ ತೆರನಾಗಿ ತೋರುವ ಈ ಎರಡರ ಅಂತರದಲ್ಲಿಯೇ ಆ ವರ್ಷದ ನಿಜವಾದ ಕಷ್ಟವು ಅಡಗಿದೆ.

ಪೂರ್ವದಲ್ಲಿ ಮೊದಲು ಮುಚ್ಚುತ್ತಿದ್ದುದು ಬಂದರು. ಪಣಂಬೂರಿನಲ್ಲಿ 1974ರಲ್ಲಿ ಸರ್ವಋತು ಬಂದರು ಕಾರ್ಯಾರಂಭ ಮಾಡುವವರೆಗೆ, ನೈಋತ್ಯ ಮಾರುತವು ಬೀಸತೊಡಗಿ ಅಳಿವೆಬಾಯಿಗಳಲ್ಲಿ ತೆರೆಗಳು ಒಡೆಯಲಾರಂಭಿಸಿದೊಡನೆ, ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರಗಳ ನೀರದಾರಿಯು ತಿಂಗಳುಗಟ್ಟಲೆ ನಿರ್ಜನವಾಗುತ್ತಿತ್ತು. ಹಂಚು, ಕಾಫಿ, ಅಕ್ಕಿ, ಮೆಣಸುಗಳನ್ನು ಹೊತ್ತು ತಿರುಗುತ್ತಿದ್ದ ಪತ್ತೇಮಾರಿಗಳೂ ಲಕ್ಷದ್ವೀಪಕ್ಕೆ ಹೋಗಿಬರುತ್ತಿದ್ದ ಮಂಜಿಗಳೂ ಹೊಳೆಯ ಒಳಗಿನ ಸುರಕ್ಷಿತ ಸ್ಥಾನಗಳಲ್ಲಿ ತಂಗುತ್ತಿದ್ದುವು. ಮುಂಬಯಿಯ ಆಗಬೋಟು ನಿಂತಿತೆಂದರೆ ಅಲ್ಲಿನ ಹೋಟೆಲುಗಳಲ್ಲಿ ದುಡಿಯುವ ಮಕ್ಕಳ ಬರವೂ ನಿಂತಿತೆಂದೇ ಲೆಕ್ಕ. ಘಟ್ಟದ ದಾರಿಯಾದರೋ ಮಳೆಯಲ್ಲಿ ದುರ್ಗಮ. ಅತ್ತ ಕಡಲು, ಇತ್ತ ಸಹ್ಯಾದ್ರಿ, ನಡುವೆ ಉಕ್ಕಿ ಹರಿಯುವ ಹೊಳೆಗಳು: ಒಂದೊಂದು ಗ್ರಾಮವೂ ಒಂದೊಂದು ದ್ವೀಪವಾಗುತ್ತಿತ್ತು. ಸಮುದ್ರಕ್ಕೂ ಹೊಳೆಗೂ ನಡುವೆ ಚಾಚಿದ ಕೋಡಿಯಂಥ ಭೂಮಿಯಲ್ಲಿ ಸಂಸಾರ ಹೂಡಿದವರ ಬಾಳು ಎಂತಹುದೆಂಬುದನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ನಾನು ಬೇರೆ ಹೇಳಬೇಕಾಗಿಲ್ಲ.

ತುಳುನಾಡಿನಲ್ಲಿ ಈ ಮುಚ್ಚುಗಡೆಗೆ ಒಂದು ನಿಶ್ಚಿತ ದಿನವೂ ಉಂಟು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ ತಿಂಗಳ 24ರ ಸುಮಾರಿಗೆ, ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಭೂತಗಳ ಕೋಲ ನೇಮಗಳು ನಿಲ್ಲುತ್ತವೆ. ದೇವಸ್ಥಾನಗಳ ಉತ್ಸವಗಳು ಮುಗಿಯುತ್ತವೆ. ದೈವಗಳೂ ವೇಷಧಾರಿಗಳೂ ವಿಶ್ರಮಿಸುವ ಆ ದಿನದ ತರುವಾಯ ಊರಿನವರು ಗುಂಪುಗೂಡಲು ಕಾರಣವೇ ಇಲ್ಲವಾಗುತ್ತದೆ. ಇಂತಹ ದಿನವೊಂದನ್ನು ಪಂಚಾಂಗದಲ್ಲಿಯೇ ಗೊತ್ತುಮಾಡಿದ ಹಿರಿಯರ ವಿವೇಕವನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಯಾವ ದಿನ ಬಾಗಿಲು ಮುಚ್ಚುವುದೆಂದು ತಿಳಿದಿರುವವನು ಅದಕ್ಕೆ ಮುನ್ನ ಏನೇನನ್ನು ಒಳಗೆ ತಂದಿರಿಸಬೇಕೆಂಬುದನ್ನೂ ತಿಳಿದಿರುತ್ತಾನೆ.

ಆ ತಂದಿರಿಸುವ ಕಾರ್ಯವು ಮಾರ್ಚಿಯಿಂದ ಮೊದಲಾಗಿ ಮೇ ಮುಗಿಯುವವರೆಗೆ ನಡೆಯುತ್ತಿತ್ತು. ಮುಳಿಹುಲ್ಲಿನ ಮಾಡಾದರೆ ಹೊಸ ಹುಲ್ಲು ಹೊದಿಸಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕ್ರಮೇಣ ಹಂಚಿನ ಮನೆಗಳು ಹೆಚ್ಚಿದುವಾದರೂ, ಅವುಗಳಲ್ಲಿಯೂ ಒಡೆದ ಹಂಚನ್ನು ತೆಗೆದು ಬದಲಿಸುವ ಕೆಲಸ ತಪ್ಪಲಿಲ್ಲ. ಪಡುವಣ ಗಾಳಿಗೆ ಎದುರಾದ ಜಗಲಿಗೆ ಹೆಣೆದ ಮಡಲಿನ ತಟ್ಟಿಗಳನ್ನು ಕಟ್ಟಬೇಕು. ಸೌದೆಯನ್ನು ಒಡೆದು ಕೊಟ್ಟಿಗೆಯಲ್ಲಿ ಪೇರಿಸಬೇಕು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟಬೇಕು. 42 ಸೇರಿನ ಒಂದೊಂದು ಮುಡಿಯೂ ಅಟ್ಟದ ಮೇಲೆ ಹೊಗೆ ತಾಗುವ ಜಾಗದಲ್ಲಿ ಕುಳಿತಿತೆಂದರೆ ಮನೆಯೊಡತಿಗೆ ಅರ್ಧ ಸಮಾಧಾನ. ಬಣ್ಣದ ಸೌತೆಕಾಯಿಗಳನ್ನು ಒಂದಕ್ಕೊಂದು ತಾಗದಂತೆ ತೆಂಗಿನ ಗರಿಯ ಎಳೆಗಳಲ್ಲಿ ಬಿಗಿದು ತೊಲೆಗೆ ಸಾಲಾಗಿ ತೂಗಹಾಕುವುದು, ಹಲಸಿನ ಬೀಜಕ್ಕೆ ಕೆಂಪು ಮಣ್ಣು ಬಳಿದು ಮೂಲೆಯಲ್ಲಿ ರಾಶಿ ಹಾಕುವುದು, ಹಪ್ಪಳ ಸಂಡಿಗೆಗಳನ್ನು ಚಾಪೆಯ ಮೇಲೆ ಒಣಗಿಸಿ ಡಬ್ಬಿ ತುಂಬುವುದು, ಇವೆಲ್ಲ ಹೆಂಗಸರ ಮತ್ತು ಮಕ್ಕಳ ಪಾಲಿನ ಕೆಲಸಗಳು.

ಉಪ್ಪುಸೊಳೆಯ ವಿಷಯವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಹೇಳುವ ಆಸೆ ನನಗಿದೆ. ಬಲಿತು ಇನ್ನೂ ಹಣ್ಣಾಗದ ಹಲಸಿನಕಾಯಿಯನ್ನು ಕೊಯ್ದು, ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಹೋಳುಮಾಡಿ, ಮೇಣ ಒರಸಿ, ಸೊಳೆಗಳನ್ನು ಬಿಡಿಸಿ ಬೀಜ ತೆಗೆದು, ಭರಣಿಯ ತಳದಲ್ಲಿ ಒಂದು ಪದರ ಹರಳುಪ್ಪು, ಅದರ ಮೇಲೆ ಒಂದು ಪದರ ಸೊಳೆ, ಮತ್ತೆ ಉಪ್ಪು, ಮತ್ತೆ ಸೊಳೆ ಎಂದು ಒತ್ತಿ ತುಂಬುತ್ತಾರೆ. ಮೇಲೆ ಬಾಳೆಲೆ ಮುಚ್ಚಿ, ಹೊಳೆಯಿಂದ ಆರಿಸಿ ತಂದ ನುಣುಪಾದ ಗುಂಡುಕಲ್ಲನ್ನು ಭಾರವಿಡುತ್ತಾರೆ. ಕೆಲವು ದಿನ ಕಳೆಯುವಷ್ಟರಲ್ಲಿ ಸೊಳೆಯು ತನ್ನ ನೀರನ್ನು ತಾನೇ ಬಿಟ್ಟು ಆ ನೀರಿನಲ್ಲಿಯೇ ಮುಳುಗಿರುತ್ತದೆ. ಆಟಿಯೆಂಬ ತುಳು ತಿಂಗಳ ಜಡಿಮಳೆಯಲ್ಲಿ ಒಂದು ಹಿಡಿ ತೆಗೆದು, ರಾತ್ರಿಯೆಲ್ಲ ನೀರಿನಲ್ಲಿಟ್ಟು ಉಪ್ಪನ್ನು ಇಳಿಸಿ, ಪಲ್ಯವನ್ನೋ ರೊಟ್ಟಿಯನ್ನೋ ಮಾಡುವರು. ಇದರ ಹಿಂದೆ ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಆಗರಗಳ ದುಡಿಮೆಯೂ ಇದೆ. ಬಿಸಿಲು ಉರಿಯುವಾಗಲೇ ಉಪ್ಪು ಬೆಳೆಯುವುದು, ಹಲಸು ಕಾಯಾಗುವುದು, ಮೀನು ಒಣಗುವುದು. ಮೊಗವೀರರ ಕೇರಿಗಳಲ್ಲಿ ಬೂತಾಯಿ, ಬಂಗುಡೆ, ಸಿಗಡಿಗಳನ್ನು ಮರಳಿನ ಮೇಲೆ ಹರಡಿ, ಕಾಗೆಗೆ ಕಾವಲು ಕುಳಿತು ಒಣಗಿಸುತ್ತಿದ್ದ ಮುದುಕಿಯರು ಈ ಚರಿತ್ರೆಯ ಮುಖ್ಯ ಪಾತ್ರಗಳೇ.

ಆದರೆ ಗತಕಾಲವನ್ನು ಹೊಗಳುವ ಉತ್ಸಾಹದಲ್ಲಿ ಒಂದು ಸತ್ಯವನ್ನು ಮರೆಯಲಾಗದು. ಅಟ್ಟದ ತುಂಬ ಮುಡಿಯಿದ್ದುದು ಧಣಿಗಳ ಮನೆಯಲ್ಲಿ. ಗೇಣಿ ಅಳೆದು ಕೊಟ್ಟು ಉಳಿದ ಭತ್ತದಲ್ಲಿ ವರ್ಷ ನೂಕಬೇಕಾಗಿದ್ದ ಒಕ್ಕಲಿಗೂ, ಬಲೆಯ ಪಾಲನ್ನು ನಂಬಿದ ಬೆಸ್ತನಿಗೂ ಆಟಿಯೆಂದರೆ ಹಸಿವು. ತಗತೆ ಸೊಪ್ಪು, ಕೆಸುವಿನೆಲೆ, ಕಣಿಲೆಗಳನ್ನು ಇಂದು ನಾವು ಆಟಿಯ ವಿಶೇಷ ಭಕ್ಷ್ಯಗಳೆಂದು ಸಭೆ ಕೂಡಿ ಸವಿಯುತ್ತೇವೆ. ಅಂದು ಅವು ಅಕ್ಕಿಯಿಲ್ಲದ ಮನೆಯವರು ಬೇಲಿಯ ಬದಿಯಲ್ಲಿ ಹುಡುಕಿ ತಂದ ಆಹಾರಗಳು. ಸಾಲ ಮಾಡದೆ ಮಳೆಗಾಲ ದಾಟಿದ ಬಡಮನೆಗಳು ವಿರಳವಾಗಿದ್ದಿರಬೇಕು.

ರೋಗವೂ ಇದೇ ಋತುವಿನ ಅತಿಥಿ. ಆಟಿ ಅಮಾವಾಸ್ಯೆಯ ಮುಂಜಾವದಲ್ಲಿ, ಸೂರ್ಯೋದಯಕ್ಕೆ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿದು, ಅದರ ಕಹಿಯ ಉಷ್ಣಕ್ಕೆ ಮೆಂತೆಯ ಗಂಜಿಯುಣ್ಣುವ ಆಚಾರ ಇಂದಿಗೂ ಉಳಿದಿದೆ. ತಾಳೆಗರಿಯ ಕೊಡೆ ಹಿಡಿದು, ಸಿರಿಯ ಉಡುಗೆಯಲ್ಲಿ, ತೆಂಬರೆಯ ಬಡಿತಕ್ಕೆ ಕುಣಿಯುತ್ತ ಮನೆಯಿಂದ ಮನೆಗೆ ಬರುವ ಆಟಿ ಕಳೆಂಜನು ಊರಿಗೆ ತಗುಲಿದ ಮಾರಿಯನ್ನು ಕಳೆಯಲೆಂದೇ ಬರುವನೆಂದು ಜನರ ನಂಬಿಕೆ. ಅವನಿಗೆ ಅಕ್ಕಿ, ಉಪ್ಪು, ಅರಸಿನ, ಮಸಿಗಳನ್ನು ಕೊಟ್ಟು ಕಳುಹಿಸುತ್ತಾರೆ. ಎಲ್ಲರೂ ಒಳಗಿರುವ ಕಾಲದಲ್ಲಿ ಒಬ್ಬನು ಮಳೆಯಲ್ಲಿ ನೆನೆಯುತ್ತ ಮನೆಮನೆಯ ಯೋಗಕ್ಷೇಮ ನೋಡಿಬರುವ ಈ ಏರ್ಪಾಡು ಬರಿಯ ಆರಾಧನೆಯಷ್ಟೇ ಆಗಿರಲಿಲ್ಲವೆಂದು ನನ್ನ ಅಭಿಪ್ರಾಯ. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಯುವುದೂ ಋತುಸಂಧಿಗಳ ರೋಗಭಯವನ್ನೇ ಸೂಚಿಸುತ್ತದೆ.

ಸರಕಾರದ ಕ್ರಮವು ಬೇರೊಂದು ಮಾರ್ಗದಿಂದ ಬಂದಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು, ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಯಾಯಿತು. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡವೂ ಮದರಾಸಿನಲ್ಲಿಯೇ ಉಳಿದ ದಕ್ಷಿಣ ಕನ್ನಡವೂ ಬೇರೆ ಬೇರೆ ಅಧಿಕಾರಿಗಳ ಕೈಯಲ್ಲಿದ್ದರೂ, ಆ ಕಾಯಿದೆ ಇಬ್ಬರಿಗೂ ಒಂದೇ. ಕನ್ನಡನಾಡಿನ ಅನೇಕ ಊರುಗಳಲ್ಲಿ ಪ್ಲೇಗಿನ ಕಾಲಕ್ಕೆ ಜನರು ಮನೆಯನ್ನು ತೊರೆದು ಊರ ಹೊರಗಿನ ಗುಡಿಸಲುಗಳಿಗೆ ಹೋದರು. ಇಲಿಯಿರುವ ಮನೆಯೇ ಅಪಾಯದ ಸ್ಥಾನವಾಗಿತ್ತು. ಅದೇ 1897ರ ಕಾಯಿದೆಯನ್ನು ಆಧರಿಸಿಯೇ 2020ರ ಮಾರ್ಚಿಯಲ್ಲಿ ಕರ್ನಾಟಕವು ಹೊಸ ನಿಯಮಗಳನ್ನು ಹೊರಡಿಸಿತು. ಆದರೆ ಈ ಸಲ ಮನೆಯೇ ರಕ್ಷಣೆಯ ಸ್ಥಾನ.

ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳ ಭಾಷಣ. ಮಧ್ಯರಾತ್ರಿಯಿಂದ 21 ದಿನಗಳ ಲಾಕ್‌ಡೌನ್. ಮೇಳಗಳು ಪತ್ತನಾಜೆಗೆ ಎರಡು ತಿಂಗಳು ಮೊದಲೇ ಚೌಕಿಯ ಪೆಟ್ಟಿಗೆಗಳನ್ನು ಮುಚ್ಚಬೇಕಾಯಿತು. ಬೆಳಗಾಗುವವರೆಗೆ ಚೆಂಡೆ ಕೇಳುತ್ತಿದ್ದ ಕಾಲದಲ್ಲಿ ಮನೆಮಂದಿ ದೂರದರ್ಶನದ ಹಳೆಯ ರಾಮಾಯಣದ ಮುಂದೆ ಕುಳಿತರು. ಬೆಳಗಿನ ಕೆಲವು ಗಂಟೆ ಅಂಗಡಿ ತೆರೆದಾಗ ಚೀಲ ಹಿಡಿದು ಓಡುವುದು, ಉಳಿದ ಹೊತ್ತು ಅಂಗಳ. ನಮ್ಮ ಕೇರಿಯ ಹಿರಿಯ ಅಮ್ಮನೊಬ್ಬರು, ಈ ಸಲ ಮಳೆಗಾಲವೇ ಮುಂಚಿತವಾಗಿ ಬಂತೆಂದು ಎಣಿಸಿಕೊಂಡರಾಯಿತು ಎಂದು ಹೇಳಿ, ನಗರದಿಂದ ಬಂದು ಸಿಕ್ಕಿಕೊಂಡಿದ್ದ ಮೊಮ್ಮಕ್ಕಳ ಕೈಗೆ ಎಣ್ಣೆ ಸವರಿ ಹಲಸಿನ ಮುಂದೆ ಕೂರಿಸಿದರು. ವರ್ಷಗಳಿಂದ ಪಡಸಾಲೆಯ ಅಲಂಕಾರವಾಗಿ ನಿಂತಿದ್ದ ಭರಣಿಗಳು ಮರಳಿ ಅಡುಗೆಮನೆ ಸೇರಿದುವು. ಲಾಕ್‌ಡೌನಿನ ದಿನಗಳು ಹಳೆಯ ಸಿದ್ಧತೆಯ ಋತುವಿನ ಮೇಲೆಯೇ ಬಿದ್ದುದರಿಂದ, ಹಿತ್ತಿಲು, ಬಾವಿ, ತೆಂಗು ಇದ್ದ ಮನೆಗಳಲ್ಲಿ ಆ ಕಾಲವು ಅಷ್ಟೊಂದು ಅಪರಿಚಿತವಾಗಿ ತೋರಲಿಲ್ಲ.

ಆದರೂ ಆ ಅಮ್ಮನ ಹೋಲಿಕೆಯನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಮಳೆಯು ಬರುವ ಮೊದಲು ಮೋಡ ಕವಿಯುತ್ತದೆ, ಗಾಳಿ ತಿರುಗುತ್ತದೆ, ಪಂಚಾಂಗ ಹೇಳುತ್ತದೆ. ಈ ಮುಚ್ಚುಗಡೆಗೆ ಇದ್ದ ಮುನ್ಸೂಚನೆ ನಾಲ್ಕು ಗಂಟೆ. ಮಳೆಗಾಲಕ್ಕಾಗಿ ಬೆಸ್ತನು ದುಡಿದು ಕೂಡಿಡುವ ತಿಂಗಳುಗಳನ್ನೇ ಇದು ನುಂಗಿತು. ಏಪ್ರಿಲ್ 10ರಂದು ಕೇಂದ್ರವು ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತೆಂಬುದು ನಿಜ. ಆದರೆ ಮಂಜುಗಡ್ಡೆ, ಲಾರಿ, ಕೂಲಿಯಾಳು, ಹೊರರಾಜ್ಯದ ಪೇಟೆ ಇವು ಒಟ್ಟಿಗೆ ನಡೆಯದೆ ಬೋಟು ಕಡಲಿಗಿಳಿದು ಪ್ರಯೋಜನವೇನು? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳಿರುವ ಮೀನುಗಾರಿಕೆಯ ನಿಷೇಧವನ್ನು ಆ ವರ್ಷ ಜೂನ್ 15ರಿಂದ ಆರಂಭಿಸಿ 47 ದಿನಗಳಿಗೆ ಇಳಿಸಿದರು. ಕಳೆದುಹೋದ ವಾರಗಳಿಗೆ ಅದು ಅಲ್ಪ ಪರಿಹಾರ. ಧಕ್ಕೆಯಲ್ಲಿ ದುಡಿಯಲು ಬಂದಿದ್ದ ಹೊರನಾಡಿನ ಕಾರ್ಮಿಕರಿಗಾದರೋ ಅಟ್ಟವೂ ಇಲ್ಲ, ಭರಣಿಯೂ ಇಲ್ಲ. ಅವರಿಗೆ ಮನೆಯೊಳಗಿರಿ ಎಂಬ ಆಜ್ಞೆಯನ್ನು ಪಾಲಿಸಲು ಮನೆಯೇ ಇರಲಿಲ್ಲ.

ಗಡಿಯ ಸಂಗತಿ ಇನ್ನೂ ನೋವಿನದು. ತಲಪಾಡಿಯಲ್ಲಿ ಕೇರಳದ ದಾರಿಯನ್ನು ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದರು. 1956ರವರೆಗೆ ದಕ್ಷಿಣ ಕನ್ನಡದ್ದೇ ಭಾಗವಾಗಿದ್ದ ಕಾಸರಗೋಡಿನ ಜನ, ಕನ್ನಡಿಗರೂ ತುಳುವರೂ ಮಲಯಾಳಿಗಳೂ, ಕಾಯಿಲೆಯೆಂದರೆ ಮಂಗಳೂರಿನ ಆಸ್ಪತ್ರೆಗೆ ಬರುವುದು ಎಷ್ಟೋ ಕಾಲದ ರೂಢಿ. ಆಂಬುಲೆನ್ಸಿನಲ್ಲಿ ಬಂದ ರೋಗಿಗಳು ಗಡಿಯಿಂದಲೇ ಹಿಂದಿರುಗಿದರು. ಕೆಲವರು ಪ್ರಾಣ ಕಳೆದುಕೊಂಡರು. ವಿಷಯವು ನ್ಯಾಯಾಲಯಗಳ ಮೆಟ್ಟಿಲೇರಿ ಏಪ್ರಿಲಿನಲ್ಲಿ ರೋಗಿಗಳಿಗಷ್ಟೇ ದಾರಿ ತೆರೆಯಿತು. ರೋಗವನ್ನು ಊರಾಚೆಗೆ ಕಳೆಯುವ ಹಳೆಯ ಆಚಾರದಲ್ಲಿ ಗಡಿ ದಾಟಿಸುತ್ತಿದ್ದುದು ಮಾರಿಯನ್ನು. ಇಲ್ಲಿ ತಡೆದದ್ದು ಮಾರಿಗೆ ಸಿಕ್ಕಿದವರನ್ನೂ ಅಲ್ಲ, ಹೃದಯ ಮೂತ್ರಪಿಂಡಗಳ ವ್ಯಾಧಿಯಿಂದ ನರಳುತ್ತಿದ್ದವರನ್ನು.

ಮೇ ತಿಂಗಳಲ್ಲಿ ಮುಂಬಯಿಯ ಮಕ್ಕಳು ಮರಳಿದರು. ಹೋಟೆಲುಗಳು ಮುಚ್ಚಿ ಸಂಪಾದನೆ ನಿಂತ ಮೇಲೆ ಸಾವಿರಾರು ಮಂದಿ ಉಡುಪಿ ಜಿಲ್ಲೆಗೆ ಬಂದು ಶಾಲೆಗಳಲ್ಲಿ, ವಸತಿಗೃಹಗಳಲ್ಲಿ ಕ್ವಾರಂಟೈನಾದರು. ಅದುವರೆಗೆ ಬೆರಳೆಣಿಕೆಯ ಪ್ರಕರಣಗಳಿದ್ದ ಜಿಲ್ಲೆಯು ಜೂನ್ ಆರಂಭದಲ್ಲಿ ರಾಜ್ಯದಲ್ಲಿಯೇ ಅತಿ ಹೆಚ್ಚು ಸೋಂಕಿತರ ಜಿಲ್ಲೆಯಾಯಿತು. ಯಾರ ಮನಿಯಾರ್ಡರಿನಿಂದ ಈ ತೀರದ ಎಷ್ಟೋ ಮನೆಗಳಿಗೆ ಹಂಚು ಹೊದಿಸಲಾಗಿತ್ತೋ ಅವರನ್ನೇ ಕೆಲವರು ಸಂಶಯದಿಂದ ನೋಡಿದರು. ಅದೇ ಸಮಯದಲ್ಲಿ ಶಾಲೆಯ ಬೇಲಿಯಾಚೆ ಮೂರು ಹೊತ್ತೂ ಗಂಜಿಯ ಪಾತ್ರೆ ತಂದಿಟ್ಟು ಹೋದ ನೆರೆಹೊರೆಯವರೂ ಇದ್ದರು. ಎರಡೂ ಚರಿತ್ರೆಗೆ ಸೇರಬೇಕು.

ಮರುವರ್ಷ, 2021ರ ಮೇ ತಿಂಗಳಲ್ಲಿ, ಎರಡನೆಯ ಸಲ ಬಾಗಿಲಿಕ್ಕಿದ್ದಾಗಲೇ ತೌಕ್ತೆ ಚಂಡಮಾರುತವು ತೀರವನ್ನು ಉಜ್ಜಿಕೊಂಡು ಹೋಯಿತು. ಪಡುಬಿದ್ರಿಯ ಬಳಿ ಒಂದು ಟಗ್ ಮಗುಚಿ ಅದರಲ್ಲಿದ್ದ ಕೆಲವರು ಬದುಕಿ ಬರಲಿಲ್ಲ. ಕಾಪುವಿನ ಬಳಿ ಬಂಡೆಗಳ ನಡುವೆ ಸಿಕ್ಕಿದ ಇನ್ನೊಂದರಿಂದ 9 ಮಂದಿಯನ್ನು ದೋಣಿ ಮತ್ತು ಹೆಲಿಕಾಪ್ಟರಿನ ಸಹಾಯದಿಂದ ಪಾರುಮಾಡಿದರು. ಸೋಮೇಶ್ವರ, ಉಚ್ಚಿಲ, ಉಳ್ಳಾಲಗಳ ಕಡೆ ತೆರೆಗಳು ಮನೆಗಳಿಗೇ ನುಗ್ಗಿದುವು. ಹೊರಗೆ ಬರಬಾರದೆಂಬ ನಿಯಮವಿದ್ದ ದಿನಗಳಲ್ಲಿಯೇ ಜನರು ರೇಷನ್ ಚೀಲ, ಗ್ಯಾಸಿನ ಸಿಲಿಂಡರ್, ದಾಖಲೆಪತ್ರಗಳನ್ನು ಹೊತ್ತು ಮೂಡಣ ದಿಕ್ಕಿನ ನೆಂಟರ ಮನೆಗಳಿಗೆ ನಡೆದರು. ದೋಣಿಗಳನ್ನು ಮೇಲಕ್ಕೆಳೆಯುವ ಕೆಲಸ ಮಾತ್ರ ಒಬ್ಬಿಬ್ಬರಿಂದ ಆಗುವುದಲ್ಲ. ಮುಖವಸ್ತ್ರ ಒದ್ದೆಯಾಗಿ ಕತ್ತಿಗೆ ಜಾರಿದ್ದರೂ ಲೆಕ್ಕಿಸದೆ, ಕೇರಿಯ ಗಂಡಸರೆಲ್ಲ ಹೆಗಲಿಗೆ ಹೆಗಲು ಕೊಟ್ಟು, ಮಳೆಗಾಲಕ್ಕೆ ಮೊದಲು ಅವರ ಅಜ್ಜಂದಿರು ಮಾಡುತ್ತಿದ್ದಂತೆಯೇ ಹಗ್ಗ ಹಿಡಿದು ಎಳೆದು, ಅವನ್ನು ತೆಂಗಿನ ಬುಡಗಳಿಗೆ ಬಿಗಿದರು.